ಗೋಡೆಯ ನೀರು ಬಂದದ್ದು ಎಲ್ಲಿಂದ?

ರಾಯಚೂರು ಸೀಮೆಯೆಂದರೆ ಬಿಸಿಲಿನ ಸೀಮೆ ಎಂಬುದು ಎಲ್ಲರೂ ಬಲ್ಲ ಮಾತು. ಮೇ ತಿಂಗಳಿನಲ್ಲಿ ನೆರಳಿನಲ್ಲಿಟ್ಟ ಉಷ್ಣಮಾಪಕವೂ 40 ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ ಮನೆಯ ತೇವ, ಗೋಡೆಯ ಬೂಸು ಇವುಗಳ ಮಾತೇಕೆ ಎಂದು ಓದುಗರು ಕೇಳಬಹುದು. ಅಂಥ ಮಾತು ಆಗುಂಬೆಗೋ ಮಡಿಕೇರಿಗೋ ಸಲ್ಲತಕ್ಕದ್ದೆಂದು ತೋರುವುದು ಸಹಜವೇ. ಆದರೆ ಮನೆಯೊಳಗೆ ನೀರು ಬರುವುದಕ್ಕೆ ಹೊರಗೆ ಮಳೆನಾಡೇ ಇರಬೇಕೆಂಬ ನಿಯಮವಿಲ್ಲ.

ಕವಿತಾಳವನ್ನೇ ತೆಗೆದುಕೊಳ್ಳೋಣ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ಸಿರವಾರವನ್ನು ದಾಟಿದ ಮೇಲೆ ಸಿಗುವ ಊರು ಇದು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ಸಿರವಾರ ತಾಲ್ಲೂಕಿನಲ್ಲಿದೆ. ಈ ಭಾಗದ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳಿವೆ, ಕಲ್ಲಿನ ಮನೆಗಳಿವೆ, ತಗಡು ಹೊದಿಸಿದ ಮನೆಗಳಿವೆ, ಕಾಂಕ್ರೀಟಿನ ಹೊಸ ಮನೆಗಳೂ ಇವೆ. ಶ್ರಾವಣ ಭಾದ್ರಪದಗಳಲ್ಲಿ ಇಂಥ ಮನೆಗಳ ಒಳಹೊಕ್ಕರೆ ಕಾಣುವುದೇನು? ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಏರಿದ ತೇವದ ಗೆರೆ. ಅದರ ಮೇಲೆ ಹಿಟ್ಟು ಉದುರಿದಂತೆ ಬಿಳಿಯ ಪುಡಿ. ಟ್ರಂಕಿನ ಹಿಂದೆ ಕಪ್ಪು ಚುಕ್ಕೆಗಳು. ಜಂತೆಯ ಪಕ್ಕದಲ್ಲಿ ನೀರಿಳಿದ ಕಂದು ಕಲೆ. ಪುಷ್ಯ ಮಾಸದ ಬೆಳಗಿನ ಜಾವದಲ್ಲಿ ತಗಡಿನ ಮನೆಯೊಳಗೆ ಹೊದಿಕೆಯ ಮೇಲೆ ಹನಿ ಬೀಳುವುದೂ ಉಂಟು.

ಇವೆಲ್ಲಕ್ಕೂ ಮನೆಯವರು ಕೊಡುವ ಹೆಸರು ಒಂದೇ: ಹಸಿ. ಮಾಡುವ ಚಿಕಿತ್ಸೆಯೂ ಒಂದೇ: ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುವುದು; ಕೈಯಲ್ಲಿ ಹಣವಿದ್ದರೆ ಸಿಮೆಂಟಿನ ಗಿಲಾವು ಮಾಡಿಸಿ ಎಣ್ಣೆಬಣ್ಣ ಹಚ್ಚಿಸುವುದು. ಮರುವರ್ಷ ಅದೇ ಗೋಡೆ, ಅದೇ ಕಲೆ. ಹಾಕಿದ ಹಣ ಗೋಡೆಯ ಪುಡಿಯೊಡನೆ ನೆಲಕ್ಕೆ ಬಿದ್ದಿರುತ್ತದೆ. ಹೀಗಾಗಲು ಕಾರಣವೆಂದರೆ, ನಾವು ಒಂದೆಂದು ಭಾವಿಸಿದ ಈ ರೋಗ ವಾಸ್ತವವಾಗಿ ಮೂರು. ಮನೆಯೊಳಗೆ ನೀರು ಬರುವ ಹಾದಿಗಳು ಮೂರು: ಗಾಳಿಯಿಂದ, ನೆಲದಿಂದ, ಮಾಳಿಗೆಯಿಂದ. ಒಂದು ಹಾದಿಯನ್ನು ಮುಚ್ಚುವ ಉಪಾಯ ಇನ್ನೊಂದನ್ನು ತೆರೆಯಬಹುದು. ಆದುದರಿಂದ ಗೌಂಡಿಯನ್ನು ಕರೆಯುವ ಮುನ್ನ ಕೇಳಬೇಕಾದ ಪ್ರಶ್ನೆ, ಈ ನೀರು ಎಲ್ಲಿಂದ ಬಂದಿತು ಎಂಬುದು.

ಗಾಳಿಯೊಳಗಣ ನೀರು

ಗಾಳಿಯಲ್ಲಿ ನೀರು ಕಣ್ಣಿಗೆ ಕಾಣದ ಬಾಷ್ಪದ ರೂಪದಲ್ಲಿ ಸದಾ ಇದ್ದೇ ಇರುತ್ತದೆ. ಎಷ್ಟು ಬಾಷ್ಪ ಹಿಡಿಸೀತು ಎಂಬುದು ಉಷ್ಣತೆಯನ್ನು ಅವಲಂಬಿಸಿದೆ. 10 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರ್ ಜಾಗದಲ್ಲಿ ಹೆಚ್ಚೆಂದರೆ 9.4 ಗ್ರಾಂ ನೀರು ಬಾಷ್ಪವಾಗಿ ಇರಬಲ್ಲದು. 20 ಡಿಗ್ರಿಯಲ್ಲಿ 17.3 ಗ್ರಾಂ, 30 ಡಿಗ್ರಿಯಲ್ಲಿ 30.4 ಗ್ರಾಂ, 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ. ಅಂದರೆ ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಗಾಳಿಯ ಜೋಳಿಗೆ ಸರಿಸುಮಾರು ಇಮ್ಮಡಿ ಹಿಗ್ಗುತ್ತದೆ. ತಣ್ಣಗಾದಾಗ ಅದೇ ಜೋಳಿಗೆ ಕುಗ್ಗುತ್ತದೆ. ಕುಗ್ಗಿದ ಜೋಳಿಗೆಯಲ್ಲಿ ಹಿಡಿಸದ ನೀರು ಹನಿಯಾಗಿ ಹೊರಬೀಳಲೇಬೇಕು. ಯಾವ ಉಷ್ಣತೆಯಲ್ಲಿ ಹೀಗೆ ಹನಿಗಟ್ಟಲು ಮೊದಲಾಗುವುದೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಜೋಳಿಗೆ ಎಷ್ಟರ ಮಟ್ಟಿಗೆ ತುಂಬಿದೆ ಎಂಬುದನ್ನು ಶೇಕಡಾವಾರು ಹೇಳಿದರೆ ಅದೇ ಸಾಪೇಕ್ಷ ಆರ್ದ್ರತೆ.

ಮನೆಯ ಗಾಳಿಗೆ ನೀರು ತುಂಬುವವರು ಬೇರೆ ಯಾರೂ ಅಲ್ಲ, ನಾವೇ. ಮಲಗಿದ ಮನುಷ್ಯನೊಬ್ಬ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಅನ್ನದ ಪಾತ್ರೆ, ಸ್ನಾನದ ಬಿಸಿನೀರು, ಒಳಗೆ ಹರವಿದ ಒದ್ದೆ ಬಟ್ಟೆ, ಸಾರಿಸಿದ ನೆಲ ಎಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ಬಹುಜನರಿಗೆ ಹೊಳೆಯದ ಮೂಲ ಇನ್ನೊಂದಿದೆ: ಅಡುಗೆಯ ಅನಿಲ. ಆ ಅನಿಲದಲ್ಲಿರುವ ಜಲಜನಕ ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಕಿಲೋಗ್ರಾಂ ಅನಿಲ ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ನೀರು ಹುಟ್ಟುತ್ತದೆ. 14.2 ಕಿಲೋಗ್ರಾಮಿನ ಸಿಲಿಂಡರೊಂದು ಮುಗಿಯುವಷ್ಟರಲ್ಲಿ ಅಡುಗೆಮನೆಗೆ ಸುಮಾರು 22 ಕಿಲೋಗ್ರಾಂ, ಎಂದರೆ ಒಂದು ದೊಡ್ಡ ಕೊಡಕ್ಕಿಂತ ಹೆಚ್ಚು ನೀರು ಬಾಷ್ಪವಾಗಿ ಬಂದಿರುತ್ತದೆ. ಹಿಂದೆ ಸೌದೆಯ ಒಲೆಯಿಂದಲೂ ಇಂಥ ನೀರು ಬರುತ್ತಿತ್ತು. ಆದರೆ ಹೊಗೆ ಕಣ್ಣನ್ನು ಉರಿಸುತ್ತಿದ್ದುದರಿಂದ ಮಾಳಿಗೆಯಲ್ಲಿ ಬೆಳಕಿಂಡಿಯನ್ನು ಬಿಡುತ್ತಿದ್ದರು. ಹೊಗೆಯೊಡನೆ ಬಾಷ್ಪವೂ ಹೊರಹೋಗುತ್ತಿತ್ತು. ಹೊಗೆ ಹೋಯಿತು, ಬೆಳಕಿಂಡಿ ಮುಚ್ಚಿತು, ಬಾಷ್ಪ ಮಾತ್ರ ಉಳಿಯಿತು.

ತಗಡಿನ ಕೆಳಗೆ ಬೀಳುವ ಮಳೆ

ಈಗ ತಗಡಿನ ಮನೆಯ ಹನಿಗಳ ಲೆಕ್ಕವನ್ನು ನೋಡೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿಯಿರುತ್ತದೆ. ಚಳಿಗಾಲದ ರಾತ್ರಿ ಒಳಗಿನ ಉಷ್ಣತೆ 22 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 60 ಇದೆಯೆಂದು ಇಟ್ಟುಕೊಳ್ಳೋಣ. ಆಗ ಆ ಗಾಳಿಯಲ್ಲಿ ಸುಮಾರು 400 ಗ್ರಾಂ ನೀರಿರುತ್ತದೆ. ಇನ್ನು 260 ಗ್ರಾಂ ಸೇರಿದರೆ ಜೋಳಿಗೆ ತುಂಬಿತು. ನಾಲ್ವರು ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮಲಗಿದರೆ, ಗಾಳಿ ಎಲ್ಲಿಯೂ ಸೋರದಿದ್ದ ಪಕ್ಷದಲ್ಲಿ, ಎರಡು ಗಂಟೆಯೊಳಗಾಗಿ ಅದು ತುಂಬಿಹೋಗುತ್ತದೆ.

ಆದರೆ ಹನಿ ಬೀಳಲು ಅಷ್ಟು ಹೊತ್ತು ಕಾಯಬೇಕಾದದ್ದೂ ಇಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಕಳೆದುಕೊಳ್ಳುತ್ತದೆ. ತೆಳುವಾದುದರಿಂದ ಸುತ್ತಣ ಗಾಳಿಗಿಂತಲೂ ತಣ್ಣಗಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಇದೇ ಕಾರಣದಿಂದಲೇ ಎಂಬುದನ್ನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪಷ್ಟಪಡಿಸಿದನು. ನಮ್ಮ ಕೋಣೆಯ ಗಾಳಿಯ ಇಬ್ಬನಿ ಬಿಂದು ಮಲಗುವ ವೇಳೆಗೇ ಸುಮಾರು 14 ಡಿಗ್ರಿ. ತಗಡು 14 ಡಿಗ್ರಿಗೆ ಇಳಿಯುತ್ತಿದ್ದಂತೆಯೇ ಅದರ ಒಳಮೈ ಬೆವರಲು ತೊಡಗುತ್ತದೆ. ಮಲಗಿದವರ ಉಸಿರಿನಿಂದ ಇಬ್ಬನಿ ಬಿಂದು ಮೇಲೇರಿದಂತೆ ಹನಿಗಳು ದಪ್ಪವಾಗಿ ಮುಂಜಾವಿನ ಹೊತ್ತಿಗೆ ಕೆಳಗುರುಳುತ್ತವೆ. ತಗಡು ತೂತಾಗಿದೆಯೆಂದು ತಿಳಿದು ಡಾಂಬರು ಹಚ್ಚುವವರುಂಟು. ಅದು ಆಕಾಶದ ನೀರಲ್ಲ, ನಮ್ಮದೇ ಉಸಿರು.

ಶೀತದೇಶಗಳಲ್ಲಿ ಈ ತಗಡಿನ ಪಾತ್ರವನ್ನು ಕಿಟಕಿಯ ಗಾಜು ವಹಿಸುತ್ತದೆ. ಹೊರಗೆ ಸೊನ್ನೆ ಡಿಗ್ರಿ, ಒಳಗೆ ಕಾಯಿಸಿದ ಗಾಳಿ. ನಡುವೆ ಒಂದೇ ಪದರದ ಗಾಜು. ಇಂಗ್ಲೆಂಡಿನಲ್ಲಿ ನೆಲಸಿದ ಕನ್ನಡದ ಕುಟುಂಬಗಳು ಚಳಿಗೆ ಅಂಜಿ ಎಲ್ಲ ಕಿಂಡಿಗಳನ್ನೂ ಮುಚ್ಚಿ, ಒಳಗೆ ಅನ್ನ ಸಾರು ಕುದಿಸಿ, ಒಳಗೇ ಬಟ್ಟೆ ಒಣಗಿಸಿದರೆ, ಬೆಳಿಗ್ಗೆ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುವುದನ್ನೂ ಮೂಲೆಗಳು ಕಪ್ಪಾಗುವುದನ್ನೂ ಕಾಣಬೇಕಾಗುತ್ತದೆ. ಅಲ್ಲಿ ಇದು ಪ್ರಾಣದ ವಿಷಯವೂ ಆಗಿದೆ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್ ಎಂಬ ಊರಿನ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಬಹುಕಾಲ ಬೂಸಿನ ನಡುವೆ ಉಸಿರಾಡಿದ್ದರಿಂದ ಬಂದ ಶ್ವಾಸದ ರೋಗವೇ ಅದಕ್ಕೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣಾಧಿಕಾರಿಗಳು ನಿರ್ಣಯಿಸಿದರು. ಮನೆಯ ಒಡೆತನದ ಸಂಸ್ಥೆಗಳು ತೇವ ಬೂಸುಗಳನ್ನು ಗೊತ್ತಾದ ಅವಧಿಯಲ್ಲಿ ಸರಿಪಡಿಸಲೇಬೇಕೆಂಬ ವಿಧಿಯನ್ನು 2023ರ ಕಾಯಿದೆಯೊಂದು ಆ ಮಗುವಿನ ನೆನಪಿನಲ್ಲಿ ತಂದಿತು. 2025ರ ಅಕ್ಟೋಬರಿನಲ್ಲಿ ಅದು ಜಾರಿಗೆ ಬಂದಿತು.

ಚೆಂಬಿನ ಪರೀಕ್ಷೆ

ಗಾಳಿಯಿಂದ ಬಂದ ತೇವಕ್ಕೆ ಕಿಟಕಿ ತೆರೆಯುವುದೇ ಮದ್ದೆಂದು ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಹೊರಗಿನ ಗಾಳಿಯಲ್ಲಿ ಒಳಗಿನದಕ್ಕಿಂತ ಕಡಿಮೆ ನೀರಿದ್ದರೆ ಮಾತ್ರ ಕಿಟಕಿ ತೆರೆದುದರಿಂದ ಮನೆ ಒಣಗುತ್ತದೆ. ಹೆಚ್ಚು ಇದ್ದರೆ ಒದ್ದೆಯಾಗುತ್ತದೆ.

ಮಳೆಗಾಲದ ಒಂದು ದಿನವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ದಿನ ಮೋಡ ಮುಸುಕಿ, ಕಲ್ಲಿನ ಮನೆಯ ಒಳಕೋಣೆಯ ಹಾಸುಗಲ್ಲು 22 ಡಿಗ್ರಿಗೆ ತಂಪಾಗಿದೆ. ಐದನೆಯ ದಿನ ಮಧ್ಯಾಹ್ನ ಬಿಸಿಲು ಬಂದು ಹೊರಗಿನ ಗಾಳಿ 30 ಡಿಗ್ರಿಗೆ ಏರಿದೆ. ಅದರ ಆರ್ದ್ರತೆ ನೂರಕ್ಕೆ 75. ಬಿಸಿಲು ಬಂದಿತೆಂಬ ಸಂತೋಷದಿಂದ ಗೃಹಿಣಿ ಎಲ್ಲ ಕಿಟಕಿಗಳನ್ನೂ ತೆರೆಯುತ್ತಾಳೆ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ನೆಲವೋ 22 ಡಿಗ್ರಿ. ಒಳಬಂದ ಗಾಳಿ ನೆಲಕ್ಕೆ ತಾಗಿದೊಡನೆ ಹನಿಗಟ್ಟುತ್ತದೆ. ಒಣಗಲೆಂದು ತೆರೆದ ಕಿಟಕಿಯೇ ನೆಲವನ್ನು ಒದ್ದೆಮಾಡಿತು. ಇದಕ್ಕೆ ಪ್ರತಿಯಾಗಿ ಚಳಿಗಾಲದ ಬೆಳಿಗ್ಗೆ ಹೊರಗಿನ ಗಾಳಿ 17 ಡಿಗ್ರಿ, ಆರ್ದ್ರತೆ ನೂರಕ್ಕೆ 70 ಎನ್ನಿ. ಅದರಲ್ಲಿರುವ ನೀರು ಘನಮೀಟರಿಗೆ 10 ಗ್ರಾಂ ಮಾತ್ರ. ರಾತ್ರಿಯೆಲ್ಲ ಮಂದಿ ಮಲಗೆದ್ದ ಕೋಣೆಯ ಗಾಳಿಯಲ್ಲಿ ಇದಕ್ಕಿಂತ ಹೆಚ್ಚು ನೀರಿರುತ್ತದೆ. ಚಳಿಯೆಂದು ಹೆದರದೆ ಎದುರುಬದುರಾದ ಎರಡು ಕಿಂಡಿಗಳನ್ನು ಹತ್ತು ನಿಮಿಷ ತೆರೆದರೆ ಸಾಕು, ಹಳೆಯ ಗಾಳಿ ಹೊರಹೋಗಿ ಒಣಗಾಳಿ ತುಂಬುತ್ತದೆ. ಗೋಡೆಗಳಲ್ಲಿ ಅಡಗಿದ ಶಾಖವಾದರೋ ಅಷ್ಟು ಅಲ್ಪಕಾಲದಲ್ಲಿ ಹೊರಟುಹೋಗದು.

ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ತಿಳಿಯಲು ಒಂದು ಸುಲಭ ಪ್ರಯೋಗವಿದೆ. ಚೆನ್ನಾಗಿ ಬೆಳಗಿದ ತಾಮ್ರದ ಚೆಂಬಿನಲ್ಲಿ ಅರ್ಧದಷ್ಟು ನೀರು ಹಾಕಿ, ಅದರಲ್ಲಿ ಉಷ್ಣಮಾಪಕವನ್ನಿಡಿರಿ. ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕಿ ಕಲಕುತ್ತ ಹೋಗಿರಿ. ಒಂದು ಕ್ಷಣದಲ್ಲಿ ಚೆಂಬಿನ ಹೊರಮೈಯ ಹೊಳಪು ಮಸುಳುತ್ತದೆ. ಆಗಿನ ಉಷ್ಣತೆಯೇ ಆ ಗಾಳಿಯ ಇಬ್ಬನಿ ಬಿಂದು. ಪ್ರಯೋಗ ಮಾಡುವವರ ಉಸಿರು ಚೆಂಬಿಗೆ ತಾಗಬಾರದು, ಅಷ್ಟೆ. ಇದನ್ನೇ ಒಮ್ಮೆ ಕೋಣೆಯಲ್ಲಿ, ಒಮ್ಮೆ ಅಂಗಳದ ನೆರಳಿನಲ್ಲಿ ಮಾಡಿ ನೋಡಬೇಕು. ಅಂಗಳದ ಇಬ್ಬನಿ ಬಿಂದು ಕೋಣೆಯದಕ್ಕಿಂತ ಕೆಳಗಿದ್ದರೆ ಕಿಟಕಿ ತೆರೆಯಿರಿ, ಮೇಲಿದ್ದರೆ ಮುಚ್ಚಿರಿ. ಕಾಲೇಜಿನ ವಿದ್ಯಾರ್ಥಿಗಳಿಗೆ ನಾವು ಇಬ್ಬನಿ ಬಿಂದುವನ್ನು ಪಾಠವಾಗಿ ಹೇಳುತ್ತೇವೆ. ಅವರ ಮನೆಯ ಅಡುಗೆಯ ಚೆಂಬೇ ಅದನ್ನು ಅಳೆಯಬಲ್ಲದೆಂಬುದನ್ನು ಹೇಳಲು ಮರೆಯಬಾರದು.

ಈ ಸೀಮೆಯಲ್ಲಿ ಬಳಕೆಯಲ್ಲಿರುವ ನೀರಿನ ಕೂಲರಿಗೂ ಇದೇ ನಿಯಮ ಅನ್ವಯಿಸುತ್ತದೆ. ಒದ್ದೆ ಪರದೆಯ ಮೂಲಕ ಗಾಳಿ ಹಾಯ್ದಾಗ ನೀರು ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುವುದರಿಂದ ತಂಪು ಉಂಟಾಗುತ್ತದೆ. ಏಪ್ರಿಲ್ ಮೇ ತಿಂಗಳ ಒಣಗಾಳಿಯಲ್ಲಿ ಇದು ಸೊಗಸಾದ ಯಂತ್ರ. ಮಳೆ ಹಿಡಿದ ಮೇಲೆ ಗಾಳಿಯೇ ಬಾಷ್ಪದಿಂದ ಭಾರವಾಗಿರುತ್ತದೆ. ಆಗ ಕಿಟಕಿ ಮುಚ್ಚಿ ಕೂಲರನ್ನು ನಡೆಸಿದರೆ ಸಿಗುವುದು ತಂಪಲ್ಲ, ಗೋಡೆಗೆ ಬೂಸು. ಬೇಸಿಗೆಯಲ್ಲಿಯೂ ಅದರ ಎದುರಿಗೆ ಗಾಳಿ ಹೊರಹೋಗಲು ಒಂದು ಕಿಟಕಿ ತೆರೆದಿರತಕ್ಕದ್ದು.

ನೆಲದಿಂದ ಏರುವ ನೀರು

ಎರಡನೆಯ ಹಾದಿ ಕಾಲಿನ ಕೆಳಗಿನದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ನೆಲದ ನೀರು ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರಿಕೆ ಹೆಚ್ಚು. ಎರಡು ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯಲ್ಲಿ ನೀರು ಒಂದೂವರೆ ಸೆಂಟಿಮೀಟರ್ ಏರುತ್ತದೆ; ಅದರ ನೂರರಲ್ಲೊಂದು ಪಾಲು ವ್ಯಾಸದ ರಂಧ್ರದಲ್ಲಿ ಒಂದೂವರೆ ಮೀಟರ್ ಏರಬಲ್ಲದು. ಮಣ್ಣು, ಇಟ್ಟಿಗೆ, ಗಾರೆಗಳಲ್ಲಿ ಇಂಥ ಮತ್ತು ಇದಕ್ಕಿಂತಲೂ ಕಿರಿದಾದ ರಂಧ್ರಗಳು ಅಸಂಖ್ಯವಾಗಿವೆ. ಆದರೆ ಏರುವ ನೀರು ಗೋಡೆಯ ಮೈಯಿಂದ ಆವಿಯಾಗಿಯೂ ಹೋಗುತ್ತಿರುತ್ತದೆ. ಏರುವುದೂ ಆರುವುದೂ ಸಮನಾದ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಅದು ಸಾಮಾನ್ಯವಾಗಿ ಒಂದು ಮೀಟರಿನ ಒಳಗೇ ಇರುತ್ತದೆ.

ನೆಲದಲ್ಲಿ ನೀರಿಲ್ಲದಿದ್ದರೆ ಗೋಡೆಗೆ ಏರಲು ಏನೂ ಇರದು. ಈ ಭಾಗದ ಎರೆಭೂಮಿ ಹಿಂದೆ ಬೇಸಿಗೆಯಲ್ಲಿ ಆಳವಾಗಿ ಬಿರುಕುಬಿಟ್ಟು ಒಣಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆಯ ಕಾಲುವೆ ಸಿಂಧನೂರು, ಮಾನ್ವಿಗಳ ಕಡೆಗೆ ಹರಿಯಿತು. ಮುಂದೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ಬಂದಿತು. ಜೋಳದ ಹೊಲಗಳು ಬತ್ತದ ಗದ್ದೆಗಳಾದುವು. ಅನ್ನ ಬಂದಿತು, ಅದರೊಡನೆ, ನೀರು ಬಸಿದುಹೋಗಲು ದಾರಿಯಿಲ್ಲದ ಕಡೆಗಳಲ್ಲಿ ಅಂತರ್ಜಲ ಮೇಲೇರಿ ನೆಲ ಜವುಗಾಯಿತು, ಸವುಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವುಳು ನೆಲವನ್ನು ಸುಧಾರಿಸುವ ಬಗೆಯನ್ನು ಅಭ್ಯಾಸ ಮಾಡುತ್ತ ಬಂದಿದೆ. ಹೊಲದ ಸವುಳನ್ನು ಕುರಿತು ರೈತರು ಚಿಂತಿಸುತ್ತಾರೆ. ಅದೇ ಸವುಳು ಮನೆಯ ಗೋಡೆಯನ್ನೂ ಏರಬಲ್ಲದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ನೆಲದ ನೀರು ಬರಿಗೈಯಲ್ಲಿ ಏರುವುದಿಲ್ಲ. ಕರಗಿದ ಲವಣಗಳನ್ನು ಹೊತ್ತು ತರುತ್ತದೆ. ನೀರು ಆವಿಯಾಗುತ್ತದೆ, ಲವಣ ಗೋಡೆಯಲ್ಲಿ ಉಳಿಯುತ್ತದೆ. ಮೇಲ್ಮೈಯಲ್ಲಿ ಉಳಿದರೆ ಬಿಳಿಯ ಪುಡಿಯಾಗಿ ಕಾಣುತ್ತದೆ. ರಂಧ್ರಗಳ ಒಳಗೇ ಹರಳುಗಟ್ಟಿದರೆ ಆ ಹರಳುಗಳು ಬೆಳೆಯುವಾಗ ಸುತ್ತಣ ಗಾರೆಯನ್ನು ಒತ್ತಿ ಒಡೆಯುತ್ತವೆ. ಗಿಲಾವು ಉಬ್ಬಿ ಹೊಪ್ಪಳೆಯಾಗಿ ಉದುರುವುದು ಇದರಿಂದಲೇ. ಹಲವು ಲವಣಗಳು ಮಳೆಗಾಲದ ಗಾಳಿಯಿಂದ ತೇವವನ್ನು ಹೀರುವುದರಿಂದ, ನೆಲ ಒಣಗಿದ್ದರೂ ಗೋಡೆ ಮತ್ತೆ ಮತ್ತೆ ನೀರೊಡೆಯುತ್ತದೆ.

ಇಂಥ ಗೋಡೆಗೆ ಸಿಮೆಂಟು ಮೆತ್ತಿ ಎಣ್ಣೆಬಣ್ಣ ಹಚ್ಚಿದರೆ ಆಗುವುದೇನು? ಏರುವುದು ನಿಲ್ಲಲಿಲ್ಲ; ಆರುವುದು ಮಾತ್ರ ನಿಂತಿತು. ಆದುದರಿಂದ ತೇವದ ಗೆರೆ ಬಣ್ಣದ ಹಿಂದೆ ಇನ್ನೂ ಮೇಲಕ್ಕೆ ಹೋಗುತ್ತದೆ. ಗೋಡೆ ಮಣ್ಣಿನದಾಗಿದ್ದರೆ ಅದು ಕಣ್ಣಿಗೆ ಬೀಳದೆಯೇ ಒಳಗೊಳಗೆ ಮೆತ್ತಗಾಗುತ್ತದೆ. ಹಳೆಯ ಮನೆಗಳ ಮಣ್ಣಿನ ಗಿಲಾವು, ಸುಣ್ಣದ ಗಚ್ಚುಗಾರೆಗಳು ಉಸಿರಾಡುವ ಹೊದಿಕೆಗಳು. ಅವು ಲವಣವನ್ನು ತಮ್ಮ ಮೈಮೇಲೆ ತೆಗೆದುಕೊಂಡು, ಉದುರಿ, ಗೋಡೆಯನ್ನು ಉಳಿಸುತ್ತವೆ. ವರ್ಷಕ್ಕೊಮ್ಮೆ ಬಳಿಯುವ ಕಷ್ಟ ಅವುಗಳ ದೋಷವೆಂದು ನಾವು ತಿಳಿದೆವು. ಅದೇ ಅವುಗಳ ಗುಣ.

ಮಾಳಿಗೆಯ ಮೇಲಿನ ಸವುಳು

ಮೂರನೆಯ ಹಾದಿ ಮೇಲಿನದು. ಇಲ್ಲಿ ಪ್ರಕೃತಿಯ ಒಂದು ವಿನೋದವಿದೆ. ಗೋಡೆಯ ಬುಡದಲ್ಲಿ ಶತ್ರುವಾದ ಸವುಳು ಮಾಳಿಗೆಯ ಮೇಲೆ ಮಿತ್ರ. ತೊಲೆ ಜಂತೆಗಳ ಮೇಲೆ ಹಲಗೆಯನ್ನೋ ಕಟ್ಟಿಗೆಯನ್ನೋ ಹಾಸಿ, ಮಣ್ಣು ಹೇರಿ, ಮಳೆಗಾಲಕ್ಕೆ ಮುನ್ನ ಸವುಳುಮಣ್ಣನ್ನು ಹರಡಿ ಬಡಿಯುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ಸಾಮಾನ್ಯ ಮಣ್ಣಿನ ಕಣಗಳು ಗುಂಪುಗುಂಪಾಗಿ ಅಂಟಿಕೊಂಡು ನಡುವೆ ನೀರಿಗೆ ದಾರಿ ಬಿಡುತ್ತವೆ. ಸೋಡಿಯಂ ಹೆಚ್ಚಾಗಿರುವ ಸವುಳುಮಣ್ಣು ನೆನೆದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚೆದುರಿ, ಉಬ್ಬಿ, ರಂಧ್ರಗಳಲ್ಲಿ ಕೂತು ಬಿರಡೆಯಂತೆ ಮುಚ್ಚುತ್ತವೆ. ಮೊದಲ ಮಳೆಯ ನೀರೇ ಉಳಿದ ಮಳೆಗೆ ಬಾಗಿಲು ಹಾಕುತ್ತದೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆಯನ್ನು ಕೆಡಿಸುವ ಗುಣವೇ ಇಲ್ಲಿ ಮನೆಯನ್ನು ಕಾಯುತ್ತದೆ. ರಸಾಯನಶಾಸ್ತ್ರವನ್ನು ಓದದ ಹಿರಿಯರು ಇದನ್ನು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ಮಾಳಿಗೆಗೆ ಪ್ರತಿವರ್ಷದ ಆರೈಕೆ ಬೇಕು. ಇಳಿಜಾರು ಕೆಟ್ಟು, ನೀರು ಹೊರಬೀಳುವ ದೋಣಿ ಕಸದಿಂದ ಕಟ್ಟಿಕೊಂಡರೆ ಮಾಳಿಗೆ ಕೆರೆಯಾಗುತ್ತದೆ. ಇಪ್ಪತ್ತಡಿಗೆ ಹದಿನೈದಡಿಯ ಮಾಳಿಗೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2,800 ಲೀಟರ್, ಅಂದರೆ ಮೂರು ಟನ್ನಿಗೆ ತುಸು ಕಡಿಮೆ ತೂಕ. ಅದರಲ್ಲಿ ಅರ್ಧವನ್ನು ಮಣ್ಣು ಹೀರಿಕೊಂಡರೂ ತೊಲೆಗಳ ಮೇಲೆ ಒಂದೂವರೆ ಟನ್ನಿನಷ್ಟು ಹೊಸ ಭಾರ ಬಿದ್ದಂತಾಯಿತು. ಆ ಭಾರವನ್ನು ಹೊರಬೇಕಾದ ಗೋಡೆಯ ಬುಡವನ್ನು ಸವುಳು ಆಗಲೇ ತಿಂದಿರುತ್ತದೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಸುರಿದ ಮಳೆಯನ್ನು ಈ ಜಿಲ್ಲೆಯ ಜನ ಮರೆತಿಲ್ಲ. ರಾಯಚೂರೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾವಿರಗಟ್ಟಲೆ ಕುಸಿದುವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಂಥ ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಗೋಡೆಯ ಬುಡ ಸವೆದು ಒಳಸರಿದಿರುವುದು, ಹೊಸ ಬಿರುಕು, ಹೊಟ್ಟೆಯುಬ್ಬಿದ ಗೋಡೆ, ಕೆಳಕ್ಕೆ ಜಗ್ಗಿದ ತೊಲೆ ಇವು ಮುಂಚಿತವಾಗಿಯೇ ಕಾಣುವ ಸೂಚನೆಗಳು. ಜಡಿಮಳೆಯಲ್ಲಿ ಇವುಗಳಲ್ಲಿ ಯಾವುದೊಂದು ಕಂಡರೂ ಆ ಕೋಣೆಯಲ್ಲಿ ಮಲಗಕೂಡದು. ತೇವವನ್ನು ಬರಿಯ ಕಲೆಯೆಂದು ಬಗೆಯಬಾರದೆಂದು ನಾವು ಹೇಳುವುದು ಈ ಕಾರಣಕ್ಕಾಗಿಯೇ.

ಬೂಸಿನ ಬಾಳು

ಬೂಸು ಒಂದು ಬಗೆಯ ಶಿಲೀಂಧ್ರ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲಿಯೂ ತೇಲುತ್ತಿರುತ್ತವೆ. ಅವನ್ನು ಮನೆಯಿಂದ ದೂರವಿಡುವುದು ಅಸಾಧ್ಯ. ಸುಣ್ಣದ ಮೇಲಿನ ಧೂಳು, ಬಣ್ಣ, ಕಾಗದ, ಚರ್ಮ, ಕಟ್ಟಿಗೆ ಎಲ್ಲವೂ ಅದಕ್ಕೆ ಆಹಾರ. ನಮ್ಮ ಮನೆಗಳ 20ರಿಂದ 30 ಡಿಗ್ರಿಯ ಉಷ್ಣತೆ ಅದಕ್ಕೆ ಹಿತ. ಅದಕ್ಕೆ ಕೊರತೆಯಾಗುವಂತೆ ನಾವು ಮಾಡಬಹುದಾದದ್ದು ನೀರೊಂದೇ. ಹನಿಗಟ್ಟಿದ ನೀರೇ ಬೇಕೆಂದೂ ಇಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆ ನೂರಕ್ಕೆ 80ರ ಆಸುಪಾಸಿನಲ್ಲಿ ಕೆಲವು ದಿನ ನಿಂತರೆ ಸಾಕು. ಅಲಮಾರಿನ ಹಿಂದೆ, ಮಂಚದ ಕೆಳಗೆ, ಗೋಡೆಗಳು ಕೂಡುವ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿ ಗೋಡೆ ತುಸು ತಂಪಾಗಿಯೂ ಇರುತ್ತದೆ. ಬೂಸು ಮೊದಲು ಹುಟ್ಟುವುದು ಅಲ್ಲಿಯೇ.

ತೇವ ಬೂಸುಗಳಿರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಸೀನು ಮುಂತಾದ ಶ್ವಾಸದ ಬಾಧೆಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎತ್ತಿ ಹೇಳಿತು. ಮಕ್ಕಳು, ಮುದುಕರು, ಮೊದಲೇ ಉಬ್ಬಸವಿರುವವರು ಇದಕ್ಕೆ ಬೇಗ ಈಡಾಗುತ್ತಾರೆ. ನಮ್ಮ ಕಡೆ ಇನ್ನೊಂದು ಅಪಾಯವೂ ಉಂಟು: ಕಾಳಿನದು. ಜೋಳದಲ್ಲಿ ತೇವಾಂಶ ನೂರಕ್ಕೆ 12ರ ಒಳಗಿದ್ದರೆ ಬೂಸು ಬೆಳೆಯದು. ಹಸಿ ಗೋಡೆಗೆ ಒರಗಿಸಿದ ಚೀಲ ಆ ಮಿತಿಯನ್ನು ಬೇಗ ಮೀರುತ್ತದೆ. ನೆಲದೊಳಗಿನ ಹಗೇವುಗಳಲ್ಲಿ ಜೋಳವನ್ನು ವರ್ಷಗಟ್ಟಲೆ ಕಾಯ್ದಿಟ್ಟುದು ನೆಲ ಒಣಗಿದ್ದ ಕಾಲದ ಮಾತು. ಅಂತರ್ಜಲ ಮೇಲೆ ಬಂದ ಕಡೆ ಹಗೇವು ಕೆಲಸಕ್ಕೆ ಬಾರದು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ನೆಂದು ಬೂಸು ಹಿಡಿದ ಜೋಳವನ್ನೂ ಮೆಕ್ಕೆಜೋಳವನ್ನೂ ಉಂಡವರು ಹೊಟ್ಟೆನೋವು ಭೇದಿಗಳಿಂದ ನರಳಿದರು. ಬೂಸು ಉತ್ಪಾದಿಸಿದ ವಿಷವೇ ಅದಕ್ಕೆ ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂದಿತು. ರೊಟ್ಟಿ ಸುಟ್ಟರೆ ಬೂಸು ಸಾಯಬಹುದು, ಅದು ಬಿಟ್ಟುಹೋದ ವಿಷವೆಲ್ಲ ಸಾಯುವುದಿಲ್ಲ.

ಮೂಲವನ್ನು ಗುರುತಿಸುವ ಬಗೆ

ಮೂರು ಹಾದಿಗಳನ್ನು ಬೇರ್ಪಡಿಸಿ ತಿಳಿಯಲು ಉಪಕರಣಗಳೇನೂ ಬೇಡ. ಮೊದಲು ಸ್ಥಳ ಮತ್ತು ಕಾಲವನ್ನು ನೋಡಬೇಕು. ಬುಡದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ಏರಿ, ಬಿಳಿಯ ಪುಡಿಯನ್ನು ಹೊತ್ತ ತೇವ ನೆಲದ್ದು. ಮಳೆ ಬಂದಾಗ ಹುಟ್ಟಿ, ಮೇಲಿನಿಂದ ಕೆಳಕ್ಕೆ ಹರಡುವುದು ಮಾಳಿಗೆಯದು. ಮಳೆಯಿಲ್ಲದ ಚಳಿಯ ಬೆಳಗುಗಳಲ್ಲಿ ಕಾಣಿಸಿ, ತಣ್ಣನೆಯ ಮೂಲೆ ತಗಡು ಗಾಜುಗಳ ಮೇಲೆ ನೆಲಸಿ, ಕಪ್ಪು ಚುಕ್ಕೆಗಳನ್ನು ಬಿಡುವುದು ಗಾಳಿಯದು.

ಆಮೇಲೂ ಸಂದೇಹ ಉಳಿದರೆ, ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ನೀರು ಕೋಣೆಯ ಗಾಳಿಯಿಂದ ಬಂದುದು. ಹಾಳೆಯ ಹಿಂದೆ ಕಂಡರೆ ಗೋಡೆಯೊಳಗಿನಿಂದ ಬಂದುದು. ಬಿಳಿಯ ಕಲೆ ಲವಣವೋ ಬೂಸೋ ಎಂಬ ಅನುಮಾನವಿದ್ದರೆ ಒಂದು ಹನಿ ನೀರು ಹಾಕಿ ನೋಡಿರಿ. ಲವಣ ಕರಗಿಹೋಗುತ್ತದೆ; ಬೂಸು ಕರಗದು, ಒರಸಿದರೆ ಹಿಸುಕಿ ಮೆತ್ತಿಕೊಳ್ಳುತ್ತದೆ.

ಒಂದೊಂದಕ್ಕೂ ಅದರದೇ ಪರಿಹಾರ

ಗಾಳಿಯ ತೇವಕ್ಕೆ ಖರ್ಚು ಕಡಿಮೆ. ಕುದಿಯುವ ಪಾತ್ರೆಗೆ ಮುಚ್ಚಳ, ಒಲೆಯ ಮೇಲ್ಗಡೆ ಬಾಷ್ಪ ಹೊರಹೋಗಲು ಕಿಂಡಿ, ಬಟ್ಟೆಗೆ ಬಯಲು, ಟ್ರಂಕು ಅಲಮಾರುಗಳಿಗೂ ಗೋಡೆಗೂ ನಡುವೆ ಒಂದು ಗೇಣು ಅಂತರ, ಚಳಿಗಾಲದ ಬೆಳಿಗ್ಗೆ ಹತ್ತು ನಿಮಿಷದ ಗಾಳಿ. ತಗಡಿನ ಮನೆಯಾದರೆ ಮೇಲೆ ಜೋಳದ ಕಣಿಕೆಯನ್ನೋ ಹುಲ್ಲನ್ನೋ ದಪ್ಪವಾಗಿ ಹೊದಿಸಿದರೆ ಅದು ತಗಡಿಗೂ ಆಕಾಶಕ್ಕೂ ನಡುವೆ ಕಂಬಳಿಯಾಗುತ್ತದೆ. ರಾತ್ರಿ ತಗಡು ಅಷ್ಟು ತಣ್ಣಗಾಗದು, ಹಗಲು ಅಷ್ಟು ಕಾಯದು. ಬೆಂಕಿಯ ಕಿಡಿ ತಾಗದಂತೆ ಎಚ್ಚರವಿರಬೇಕು. ಗೋಡೆಯ ತಲೆಗೂ ತಗಡಿಗೂ ನಡುವಿನ ಸಂದನ್ನು ಪೂರ್ತಿ ಮುಚ್ಚದಿರುವುದು ಲೇಸು.

ನೆಲದ ತೇವಕ್ಕೆ ಮೊದಲ ಪರಿಹಾರ ನೀರನ್ನು ಗೋಡೆಯಿಂದ ದೂರ ಕಳುಹಿಸುವುದು. ಬಚ್ಚಲಿನ ನೀರು ಬುನಾದಿಯ ಪಕ್ಕದಲ್ಲಿ ಇಂಗಬಾರದು. ಗೋಡೆಯ ಸುತ್ತ ನೆಲ ಹೊರಕ್ಕೆ ಇಳಿಜಾರಾಗಿರಬೇಕು. ಚರಂಡಿ ಬುನಾದಿಗಿಂತ ಕೆಳಗಿರಬೇಕು. ಉದುರಿದ ಗಿಲಾವನ್ನೂ ಬಿಳಿಯ ಪುಡಿಯನ್ನೂ ಒಣಗಿದ ಕಾಲದಲ್ಲಿ ಕೆರೆದು ದೂರ ಸುರಿದು, ಸುಣ್ಣ ಅಥವಾ ಮಣ್ಣಿನ ಗಿಲಾವನ್ನೇ ಮತ್ತೆ ಮಾಡಬೇಕು. ಹೊಸ ಮನೆ ಕಟ್ಟುವವರು ಬುನಾದಿ ಮುಗಿದ ಮಟ್ಟದಲ್ಲಿ ನೀರು ಹಾಯದ ಪದರವೊಂದನ್ನು ಗೋಡೆಯ ಪೂರ್ತಿ ಅಗಲಕ್ಕೆ ಹಾಕಿಸಲು ಮರೆಯಬಾರದು. ಕಟ್ಟುವಾಗ ಇದು ಅಲ್ಪವೆಚ್ಚದ ಕೆಲಸ. ಕಟ್ಟಿದ ಮೇಲೆ ಬಹುಕಷ್ಟದ ಕೆಲಸ.

ಮಾಳಿಗೆಗೆ ಬೇಕಾದದ್ದು ಇಳಿಜಾರು, ಕಟ್ಟಿಕೊಳ್ಳದ ದೋಣಿ, ಮಳೆಗೆ ಮುನ್ನ ಸವುಳುಮಣ್ಣಿನ ತೆಳುಪದರ. ಪ್ರತಿವರ್ಷ ಹಳೆಯದನ್ನು ತೆಗೆಯದೆ ಹೊಸದನ್ನೇ ಹೇರುತ್ತ ಹೋದರೆ ಭಾರ ಬೆಳೆದು ತೊಲೆಗೆ ಮೃತ್ಯುವಾಗುತ್ತದೆ. ಕಾಂಕ್ರೀಟಿನ ಮಾಳಿಗೆಯಾದರೆ ನೀರು ನಿಲ್ಲುವ ತಗ್ಗುಗಳನ್ನೂ ಬಿರುಕುಗಳನ್ನೂ ಬೇಸಿಗೆಯಲ್ಲಿಯೇ ಮುಚ್ಚಿಸಬೇಕು.

ಬೂಸನ್ನು ಒಣಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ಹೊರಗೆ ಕಳುಹಿಸಿ, ಸೋಪಿನ ನೀರಿನಲ್ಲಿ ಅದ್ದಿದ ಅರಿವೆಯಿಂದ ಒರಸಿ, ಆ ಜಾಗವನ್ನು ಒಣಗಿಸಬೇಕು. ಬ್ಲೀಚಿಂಗ್ ಪುಡಿಯನ್ನು ಬಳಸುವವರು ಅದನ್ನು ಪಾಯಿಖಾನೆ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರಸಬಾರದು. ಹಾಗೆ ಬೆರಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಇಷ್ಟು ಮಾಡಿದ ಮೇಲೂ ನೀರಿನ ಮೂಲ ಹಾಗೆಯೇ ಉಳಿದರೆ ಬೂಸು ಮರಳಿ ಬರುವುದು ನಿಶ್ಚಯ.

ಬಾಡಿಗೆಯ ಮನೆಯವರಿಗೂ ಬಡವರಿಗೂ ಇವೆಲ್ಲವೂ ಕೈಗೂಡಲಾರವು ಎಂಬುದು ನಿಜ. ಕಾಲುವೆಯ ನೀರನ್ನು ಬಸಿಯುವುದು, ಊರಿನ ಚರಂಡಿಗಳನ್ನು ತಗ್ಗಿಸುವುದು ಒಂದು ಮನೆಯಿಂದ ಆಗತಕ್ಕ ಕೆಲಸವೂ ಅಲ್ಲ. ಅದು ಪಂಚಾಯತಿಯ, ನೀರಾವರಿ ಇಲಾಖೆಯ ಹೊಣೆ. ಆದರೆ ಆ ಹೊಣೆಯನ್ನು ನೆನಪಿಸಲು ಹೋಗುವವನಿಗೆ ತನ್ನ ಗೋಡೆಯ ನೀರು ನೆಲದಿಂದ ಬಂದುದೆಂಬುದು ಖಚಿತವಾಗಿ ತಿಳಿದಿರಬೇಕು. ಈ ಮಳೆಗಾಲದಲ್ಲಿ ಬಣ್ಣದ ಡಬ್ಬಿಯನ್ನು ಕೊಳ್ಳುವ ಮುನ್ನ ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಒಂದು ತಾಮ್ರದ ಚೆಂಬನ್ನೂ ಕೈಗೆತ್ತಿಕೊಳ್ಳಿರಿ. ಅವೆರಡೂ ಏನು ಹೇಳುತ್ತವೆಂಬುದನ್ನು ಕೇಳಿದ ಮೇಲೆ ಗೌಂಡಿಗೆ ಹೇಳಿಕಳುಹಿಸಬಹುದು.